ಚೆಕ್‌ರೋಲ್‌ನಲ್ಲಿಲ್ಲದ ಮಕ್ಕಳು

ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಂದು ಬೋರ್ಡ್ ಇರುತ್ತದಲ್ಲ, ಗುರಿ ಎಷ್ಟು, ಸಾಧನೆ ಎಷ್ಟು, ಶೇಕಡಾ ಎಷ್ಟು ಅಂತ. ಹೋದ ಮಳೆಗಾಲದಲ್ಲಿ ಅತ್ತೆಯ ಬಿ.ಪಿ. ಮಾತ್ರೆಗೆಂದು ಹೋಗಿ ಬೆಂಚಿನ ಮೇಲೆ ಕೂತಿದ್ದಾಗ ಬೇರೇನೂ ಓದಲಿಕ್ಕಿಲ್ಲದೆ ಅದನ್ನೇ ಓದಿದೆ. ಮಕ್ಕಳ ಲಸಿಕೆಯ ಸಾಲಿನಲ್ಲಿ ಶೇಕಡಾ ಅಂಕಿ ನೂರನ್ನು ದಾಟಿತ್ತು. ಮೊದಲು ನಗು ಬಂತು. ಊರಲ್ಲಿರುವ ಮಕ್ಕಳಿಗಿಂತ ಹೆಚ್ಚು ಮಕ್ಕಳಿಗೆ ಸೂಜಿ ಹಾಕಿದ್ದಾರಾ? ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಆಮೇಲೆ ನಮ್ಮ ಉಪಕೇಂದ್ರದ ಸಿಸ್ಟರ್ ಹೇಳಿದರು: ಗುರಿ ಎನ್ನುವುದು ಮನೆಮನೆ ತಿರುಗಿ ಎಣಿಸಿದ್ದಲ್ಲ, ಜನಸಂಖ್ಯೆಗೆ ಜನನ ಪ್ರಮಾಣ ಹಚ್ಚಿ ಮೇಲಿನಿಂದ ಬರುವ ಅಂದಾಜು. ಆ ಜನಸಂಖ್ಯೆಯ ಬುಡದಲ್ಲಿರುವುದು 2011ರ ಜನಗಣತಿ. ಅದಾದ ಮೇಲೆ ನಮ್ಮ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ (ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಕೋಣೆಗಳು) ಯಾರಿದ್ದರು, ಯಾರು ಹೋದರು, ಅಸ್ಸಾಮಿನಿಂದ ಎಷ್ಟು ಸಂಸಾರ ಬಂದವು ಎಂಬುದೆಲ್ಲ ಇಲ್ಲಿಯವರಿಗೆ ಗೊತ್ತು. ಗುರಿಯಲ್ಲಿ ಲೆಕ್ಕಕ್ಕೆ ಸಿಗದ ಹತ್ತು ಮಕ್ಕಳಲ್ಲಿ ಆರು ಮಕ್ಕಳು ಸೂಜಿ ಹಾಕಿಸಿಕೊಂಡರೆ ಬೋರ್ಡಿನ ಅಂಕಿ ಮೇಲೆ ಹೋಗುತ್ತದೆ. ಉಳಿದ ನಾಲ್ಕು ಮಕ್ಕಳು ಅದೇ ಅಂಕಿಯ ಅಡಿಯಲ್ಲಿ ಮುಚ್ಚಿಹೋಗುತ್ತಾರೆ. ನೂರು ದಾಟಿದ ಕಡೆ ಯಾರು ಹೋಗಿ ಹುಡುಕುತ್ತಾರೆ?

ನಮ್ಮದು ಕೊಡಗಿನ ಅಮ್ಮತ್ತಿ ಕಡೆಯ ಸಣ್ಣ ರೋಬಸ್ಟಾ ಕಾಫಿ ತೋಟ. ಲೆಕ್ಕಕ್ಕೆಂದು ರೈಟರ್ ಇಡುವಷ್ಟು ದೊಡ್ಡದಲ್ಲ, ಹಾಗಾಗಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ-ಕೂಲಿಯ ಪುಸ್ತಕ, ಬರೆಯುವುದು ನಾನೇ. ಯಾರು ಪೂರ್ತಿ ದಿನ, ಯಾರು ಅರ್ಧ ದಿನ, ಕೊಯ್ಲಿನಲ್ಲಿ ಎಷ್ಟು ಕೆ.ಜಿ., ಸಂತೆಗೆ ಎಷ್ಟು ಕೊಟ್ಟೆ, ಅಡ್ವಾನ್ಸ್ ಬಾಕಿ ಎಷ್ಟು, ಎಲ್ಲ ಅದರಲ್ಲಿದೆ. ಕೊಡಗಿನಲ್ಲಿ ಚೆಕ್‌ರೋಲ್‌ನಷ್ಟು ನಿಖರವಾದ ಜನಗಣತಿ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಪ್ರತಿ ಹೆಸರಿನ ಮುಂದೆ ದುಡ್ಡಿದೆ. ಆದರೆ ಅದು ದುಡಿಯುವ ಕೈಗಳ ಲೆಕ್ಕ. ಬೆನ್ನಿಗೆ ಕಟ್ಟಿಕೊಂಡು ಬಂದ ಕೂಸಿಗೆ ಅಲ್ಲಿ ಕಾಲಂ ಇಲ್ಲ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಕೂಸಿಗೆ ಕಾಲಂ ಇದೆ, ಆದರೆ ಆ ಪುಸ್ತಕ ಊರಿನ ಮನೆಗಳದ್ದು. ಗೇಟು ದಾಟಿ ಒಳಗೆ ಒಂದೂವರೆ ಕಿಲೋಮೀಟರ್ ಇರುವ ಲೈನಿಗೆ ನವೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಹೋಗುವವರು ಅದಕ್ಕೆ ಸಿಕ್ಕರೆ ಸಿಕ್ಕರು. ಈ ಎರಡು ಪುಸ್ತಕಗಳು ಒಂದನ್ನೊಂದು ನೋಡಿದ್ದೇ ಇಲ್ಲ.

ಗುರುವಾರದ ಸಮಸ್ಯೆ

ಬಡವರ ಮಕ್ಕಳಿಗೆ ಲಸಿಕೆ ಯಾಕೆ ತಪ್ಪುತ್ತದೆ ಎಂದು ಕೇಳಿದರೆ ನಮ್ಮ ಕಡೆ ಸಿದ್ಧ ಉತ್ತರ ಇದೆ: "ಅವರಿಗೆ ತಿಳುವಳಿಕೆ ಇಲ್ಲ." ಕ್ಲಬ್ಬಿನಲ್ಲೂ ಇದೇ, ಮದುವೆ ಮನೆಯ ಪಂಕ್ತಿಯಲ್ಲೂ ಇದೇ. ತಾಯಿಯ ಓದಿಗೂ ಮಗುವಿನ ಲಸಿಕೆಗೂ ನಂಟಿರುವುದು ಸಮೀಕ್ಷೆಗಳಲ್ಲೆಲ್ಲ ಕಾಣುವ ಮಾತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಕಂಡದ್ದು ಬೇರೆ. ಕರ್ನಾಟಕದಲ್ಲಿ ಲಸಿಕೆ ದಿನ ಎಂದರೆ ಗುರುವಾರ. ಗುರುವಾರ ಎಂದರೆ ಕೆಲಸದ ದಿನ.

ಎರಡು ಕೊಯ್ಲಿನ ಹಿಂದೆ, ಜನವರಿಯಲ್ಲಿ, ಸಿಸ್ಟರ್ ಮತ್ತು ಆಶಾ ಇಬ್ಬರೂ ನಮ್ಮ ಲೈನಿಗೇ ಬಂದರು. ಹನ್ನೊಂದು ಗಂಟೆ ಇರಬಹುದು. ಸಿಸ್ಟರ್ ಹೆಗಲಲ್ಲಿ ವ್ಯಾಕ್ಸಿನ್ ಕ್ಯಾರಿಯರ್, ಲಸಿಕೆಯ ತಂಪು ಪೆಟ್ಟಿಗೆ. ಲೈನಿನಲ್ಲಿ ಇದ್ದದ್ದು ಕಣದ ಕಾವಲಿಗಿದ್ದ ಒಬ್ಬ ಮುದುಕ, ಎರಡು ನಾಯಿ, ಮತ್ತೆ ಎಂಟು ವರ್ಷದ ಒಂದು ಹುಡುಗಿ, ಸೊಂಟದ ಮೇಲೆ ಮೂರೂವರೆ ತಿಂಗಳ ತಮ್ಮ. ಅಮ್ಮ ತೋಡಿನ ಆಚೆಯ ಬ್ಲಾಕಿನಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಹುಡುಗಿಯನ್ನು ಕಳಿಸಿ ಕರೆಸೋಣವೆಂದರೆ ಹಿಂದಿನ ರಾತ್ರಿ ಆನೆ ಹಿಂಡು ಅದೇ ದಾರಿಯಲ್ಲಿ ಇಳಿದಿತ್ತು. ಸಿದ್ದಾಪುರದಿಂದ ಈಚೆಗೆ ಇದು ವಿಶೇಷದ ಮಾತಲ್ಲ, ಮಗುವನ್ನು ಒಬ್ಬಳೇ ಕಳಿಸುವ ಮಾತೇ ಇಲ್ಲ. ನಾನೇ ಹೋದೆ. ಅವಳ ಚೀಲ ಅರ್ಧ ತುಂಬಿತ್ತು. ಕೊಯ್ಲಿನಲ್ಲಿ ಕೂಲಿ ದಿನಕ್ಕಲ್ಲ, ಕೆ.ಜಿ.ಗೆ. ಅವಳು ಮೊದಲು ನೋಡಿದ್ದು ಚೀಲವನ್ನು, ಆಮೇಲೆ ಸಾಲಿನಲ್ಲಿ ಮುಂದೆ ಹೋಗುತ್ತಿದ್ದ ಗಂಡನನ್ನು, ಆಮೇಲೆ ನನ್ನನ್ನು. ಹಿಂದಿಯಲ್ಲಿ ಕೇಳಿದಳು, "ಸಂಜೆ ಆಗುವುದಿಲ್ಲವಾ?"

ಅದು ನಿಜಕ್ಕೂ ಬುದ್ಧಿವಂತ ಪ್ರಶ್ನೆ. ಕೊಯ್ಲಿನ ದಿನಗಳಲ್ಲಿ ತೋಟದ ಎಲ್ಲ ತಾಯಂದಿರೂ ಒಂದೇ ಕಡೆ ಒಂದೇ ಹೊತ್ತಿಗೆ ಸೇರುವುದು ಸಂಜೆ ನಾಲ್ಕೂವರೆಗೆ, ತೂಕದ ಹತ್ತಿರ. ಆದರೆ ಆ ಕ್ಯಾರಿಯರಿಗೂ ಒಂದು ಗಡಿಯಾರ ಇದೆ. ಒಳಗಿನ ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಪೋಲಿಯೋ ಹನಿಗೆ ಸೆಕೆ ಆಗುವುದಿಲ್ಲ, ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೆ ಕೆಟ್ಟಿತು. ಕ್ಷಯದ ಬಿಸಿಜಿ, ದಡಾರ-ರುಬೆಲ್ಲಾ ಬಾಟಲಿಗಳನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಸಂಜೆಯೊಳಗೆ ಕ್ಯಾರಿಯರ್ ವಾಪಸು ಕೇಂದ್ರ ಸೇರಬೇಕು, ಸಿಸ್ಟರ್ ಆನೆ ದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆ ಸೇರಬೇಕು. ತಾಯಿಯ ದಿನ ಮುಗಿಯುವ ಹೊತ್ತಿಗೆ ಲಸಿಕೆಯ ದಿನ ಮುಗಿದಿರುತ್ತದೆ. ಇದರಲ್ಲಿ ಯಾರ ತಿಳುವಳಿಕೆಯ ಕೊರತೆ?

ಅವಳು ಬಂದಳು. ಹದಿನಾಲ್ಕನೇ ವಾರದ ಡೋಸ್ ಎಂದರೆ ಸಣ್ಣದಲ್ಲ: ಎಡ ತೊಡೆಗೆ ಪೆಂಟಾವೇಲೆಂಟ್, ಬಲ ತೊಡೆಗೆ ನ್ಯುಮೋನಿಯಾದ್ದು, ತೋಳಿಗೆ ಪೋಲಿಯೋ ಸೂಜಿ, ಬಾಯಿಗೆ ಹನಿಗಳು. ಮುಗಿಯುವಾಗ ಕೂಸಿನ ದನಿ ಕಟ್ಟಿಹೋಗಿತ್ತು. ಅದೇ ದಿನ ಪಕ್ಕದ ತೋಟದ ಲೈನಿನಲ್ಲಿ ಒಂಬತ್ತು ತಿಂಗಳ ಮಗು ಒಂದಿದೆಯೆಂದು ಇವಳೇ ಹೇಳಿದಳು. ಆಶಾ ಪುಸ್ತಕ ತೆಗೆದು ನೋಡಿದರೆ ಹೆಸರಿಲ್ಲ. ಒಂದೇ ಮಗುವಿಗಾಗಿ ಐದು ಡೋಸಿನ ದಡಾರ-ರುಬೆಲ್ಲಾ ಬಾಟಲಿ ಒಡೆಯುತ್ತೀರಾ ಎಂದು ನಾನು ಕೇಳಿದ್ದಕ್ಕೆ ಸಿಸ್ಟರ್, "ಒಬ್ಬರಿದ್ದರೂ ಒಡೀಬೇಕು ಅಂತಲೇ ಆರ್ಡರ್ ಇರೋದು, ಆದರೆ ವೇಸ್ಟ್ ಯಾಕಾಯ್ತು ಅಂತ ಮೀಟಿಂಗಲ್ಲಿ ಕೇಳೋದೂ ನಮ್ಮನ್ನೇ" ಎಂದು ನಕ್ಕು ಜೀಪು ಹತ್ತಿದರು.

ಮರುದಿನ ಚೆಕ್‌ರೋಲ್‌ನಲ್ಲಿ ಆ ತಾಯಿಯ ಹೆಸರಿನ ಮುಂದೆ ಗೈರು. ಪೆಂಟಾವೇಲೆಂಟ್ ಹಾಕಿಸಿದ ಮಗುವಿಗೆ ಒಂದೆರಡು ದಿನ ಜ್ವರ ಬರುವುದು ಸಾಮಾನ್ಯ. ಅದರಲ್ಲಿ ಹೆದರಲಿಕ್ಕೇನೂ ಇಲ್ಲ, ಪ್ಯಾರಸಿಟಮಾಲ್ ಕೊಟ್ಟರೆ ಇಳಿಯುತ್ತದೆ. ನಾವು ನಮ್ಮ ಮಕ್ಕಳಿಗೆ ಶುಕ್ರವಾರ ಹಾಕಿಸಿ ಶನಿವಾರ-ಭಾನುವಾರ ತೊಡೆಯ ಮೇಲೆ ಮಲಗಿಸಿಕೊಂಡವರು. ಲೈನ್‌ಮನೆಯಲ್ಲಿ ಒಂದೇ ಕೋಣೆ. ಗೋಡೆಯ ಆಚೆ ಇನ್ನೊಂದು ಸಂಸಾರ. ರಾತ್ರಿಯಿಡೀ ಅಳುವ ಮಗು, ಬೆಳಿಗ್ಗೆ ಎಂಟಕ್ಕೆ ಕೆಲಸ. ಒಂದು ಲಸಿಕೆಯ ಬೆಲೆ ಎರಡು ದಿನದ ಕೂಲಿ, ಒಂದು ರಾತ್ರಿಯ ನಿದ್ದೆ. ಉಚಿತ ಲಸಿಕೆ ಎಂದು ಬ್ಯಾನರಿನಲ್ಲಿ ಬರೆಯುವವರು ಈ ಬೆಲೆಯನ್ನು ಯಾವ ಖಾತೆಗೆ ಹಾಕುತ್ತಾರೋ.

ಬೇಡ ಎಂದವರು, ಕಾಣದವರು

2017ರ ಫೆಬ್ರವರಿ ನೆನಪಿದೆಯಾ? ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶಾಲೆಗಳಲ್ಲೇ ಸೂಜಿ. ಆಗ ವಾಟ್ಸಾಪಿನಲ್ಲಿ ಏನೇನು ಹರಿದಾಡಿತು! ಇದು ಮಕ್ಕಳಾಗದಂತೆ ಮಾಡುವ ಸೂಜಿ, ವಿದೇಶಿ ಕಂಪನಿಯ ಪ್ರಯೋಗ, ಖಾಸಗಿಯಲ್ಲಿ ಒಮ್ಮೆ ಹಾಕಿಸಿದವರಿಗೆ ಮತ್ತೆ ಹಾಕಿದರೆ ಅಪಾಯ. ನನ್ನ ಮಗಳ ಶಾಲೆಯಲ್ಲಿ ಪೋಷಕರ ಸಭೆ ಕರೆದರು. ಕಾರಿನಲ್ಲಿ ಬಂದಿಳಿದ ತಂದೆ-ತಾಯಂದಿರು, ಪದವಿ ಪಡೆದವರು, ಬೆಂಗಳೂರಿನಲ್ಲಿ ಕೆಲಸ ಮಾಡಿ ವಾಪಸು ಬಂದವರು, ಒಬ್ಬೊಬ್ಬರಾಗಿ ಎದ್ದು "ನಮ್ಮ ಮಗುವಿಗೆ ಬೇಡ" ಎಂದರು. ಮಕ್ಕಳ ಡಾಕ್ಟರೊಬ್ಬರು ಪಟ್ಟಣದಿಂದ ಬಂದು ಒಂದೂವರೆ ಗಂಟೆ ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೂ ಕೆಲವರು ಸಹಿ ಮಾಡಲಿಲ್ಲ. ಆ ಹೆಸರುಗಳ ಪಟ್ಟಿ ಮಾಡಿಕೊಂಡರು, ಫೋನ್ ಮಾಡಿದರು, ಮತ್ತೆ ಮನವೊಲಿಸಿದರು.

ಅದೇ ವಾರ ತಿತಿಮತಿ ಕಡೆಯ ಹಾಡಿಯೊಂದರ ಅಂಗನವಾಡಿಯಲ್ಲಿ ಯರವ ಆದಿವಾಸಿಗಳ ಮಕ್ಕಳು ಸಾಲಾಗಿ ನಿಂತು ತೋಳು ಕೊಟ್ಟರೆಂದು ಅಲ್ಲಿಯ ಟೀಚರ್ ಹೇಳಿದ್ದು ಮರೆತಿಲ್ಲ. ಒಂದೂ ಪ್ರಶ್ನೆ ಇಲ್ಲ. (ಪ್ರಶ್ನೆ ಇಲ್ಲದಿರುವುದನ್ನು ನಾನು ದೊಡ್ಡ ಗುಣವೆಂದು ಹೊಗಳುತ್ತಿಲ್ಲ. ಪ್ರಶ್ನೆ ಕೇಳಿದರೆ ಗದರಿಸಿಕೊಂಡೇ ಬೆಳೆದವರು ಅವರು.)

ಬೇಡ ಎನ್ನುವವರು ಕಣ್ಣಿಗೆ ಬೀಳುತ್ತಾರೆ. ಅವರಿಗೊಂದು ಹೆಸರಿದೆ, ವಾದವಿದೆ, ವಾದಕ್ಕೆ ಉತ್ತರ ಕೊಡಲು ಡಾಕ್ಟರು ಬರುತ್ತಾರೆ. ಪಟ್ಟಿಯಲ್ಲೇ ಇಲ್ಲದ ಮಗುವಿನ ಹೆಸರಿನಲ್ಲಿ ಯಾವ ಸಭೆಯೂ ನಡೆಯುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಶಿಶುಗಳು ಡಿಫ್ತೀರಿಯಾ-ನಾಯಿಕೆಮ್ಮು-ಧನುರ್ವಾಯು ಲಸಿಕೆಯ ಒಂದೂ ಡೋಸ್ ಕಾಣದೆ ಉಳಿಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2024ರ ಲೆಕ್ಕದಲ್ಲಿ ಹೇಳಿವೆ. 'ಶೂನ್ಯ ಡೋಸ್' ಮಕ್ಕಳು ಎನ್ನುತ್ತಾರೆ ಇವರನ್ನು. ವಿಚಿತ್ರವೆಂದರೆ ಇಂಥ ಮಗುವಿನ ಎಡ ತೋಳಿನಲ್ಲಿ ಬಿಸಿಜಿಯ ಕಲೆ ಇರಬಹುದು. ಹೆರಿಗೆ ಆಸ್ಪತ್ರೆಯಲ್ಲೇ ಆದರೆ ಬಿಸಿಜಿ, ಹೆಪಟೈಟಿಸ್ ಬಿ, ಪೋಲಿಯೋ ಹನಿ ವಾರ್ಡ್‌ನಲ್ಲೇ ಸಿಕ್ಕಿಬಿಡುತ್ತವೆ. ಅಲ್ಲಿ ಮಗು ಲಸಿಕೆಯ ಹತ್ತಿರವೇ ಇರುತ್ತದೆ. ಆರನೇ ವಾರಕ್ಕೆ ಅದು ಯಾವ ತೋಟದ ಯಾವ ಲೈನಿನಲ್ಲಿದೆ ಎಂಬಲ್ಲಿಂದ ಎಳೆ ತಪ್ಪುತ್ತದೆ. ಆರು, ಹತ್ತು, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹದಿನಾರು ತಿಂಗಳು. ಕಾಫಿ ತೋಟದ ವರ್ಷ ಬೇರೆ ಥರ ಓಡುತ್ತದೆ: ಕೊಯ್ಲು, ಗಿಡಗಳ ಕಪಾತು, ಹೂಮಳೆ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ, ಮತ್ತೆ ಮಳೆ. ಹದಿನಾಲ್ಕು ವಾರಕ್ಕೆ ನಮ್ಮಲ್ಲಿದ್ದ ಮಗು ಒಂಬತ್ತು ತಿಂಗಳಿಗೆ ನಮ್ಮಲ್ಲಿರುವುದಿಲ್ಲ.

ಸರಾಸರಿ ಇದನ್ನು ಮುಚ್ಚುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಪೂರ್ಣ ಲಸಿಕೆ ಪಡೆದವರು 2015-16ರಲ್ಲಿ ಶೇ. 62.6 ಇದ್ದರು, 2019-21ಕ್ಕೆ ಶೇ. 84.1 ಆದರು. ಸಣ್ಣ ಸಾಧನೆಯಲ್ಲ ಇದು. ಆಶಾ ಮತ್ತು ಸಿಸ್ಟರ್‌ಗಳ ಕಾಲು ನೋವಿನ ಫಲ. ಆದರೆ ದಡಾರ ನಿಲ್ಲಲು ಶೇ. 95ರಷ್ಟು ಮಕ್ಕಳಿಗೆ ಎರಡು ಡೋಸ್ ಬೇಕು, ಅದೂ ಎಲ್ಲ ಕಡೆ. ಉಳಿದವರು ಜಿಲ್ಲೆಯ ತುಂಬ ಚದುರಿಕೊಂಡಿದ್ದರೆ ರೋಗಕ್ಕೆ ದಾರಿ ಸಿಗುವುದು ಕಷ್ಟ. ಒಂದೇ ಲೈನಿನ ಹತ್ತು ಕೋಣೆಗಳಲ್ಲಿ ಒಟ್ಟಿಗಿದ್ದರೆ, ಜಿಲ್ಲೆಯ ಸರಾಸರಿ ಎಷ್ಟಿದ್ದರೇನು? 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯ ಇಕ್ಕಟ್ಟಿನ ಕೇರಿಗಳಲ್ಲಿ ದಡಾರ ಎದ್ದದ್ದು ಹೀಗೇ.

ಇನ್ನೊಂದು ಸಂಗತಿ ಪಟ್ಟಿಯದ್ದಲ್ಲ, ಮಾತಿನದ್ದು. 'ತಾಯಿ ಕಾರ್ಡ್' (ತಾಯಿ-ಮಗುವಿನ ಆರೋಗ್ಯ, ಲಸಿಕೆ ಬರೆದಿಡುವ ಕಾರ್ಡು) ತರಲಿಲ್ಲವೆಂದು ಒಬ್ಬ ಯರವ ಹೆಂಗಸನ್ನು ಹತ್ತು ಜನರ ಎದುರು ಬೈದದ್ದನ್ನು ನಾನು ನೋಡಿದ್ದೇನೆ. ಎಲ್ಲಿ ಎಂದು ಹೇಳುವುದಿಲ್ಲ. "ಮಗುವಿಗೆ ಸ್ನಾನ ಮಾಡಿಸಿ ಎಷ್ಟು ದಿನ ಆಯ್ತು?" ಎಂಬುದೂ ಸೇರಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಮ್ಮ ಜಿಲ್ಲೆಯಲ್ಲಿ ಮನೆಪತ್ರ, ಪದವಿ ಪ್ರಮಾಣಪತ್ರ ಕಳೆದುಕೊಂಡವರಿಗೆ ಎಲ್ಲರೂ ಅಯ್ಯೋ ಎಂದರು. ಪ್ಲಾಸ್ಟಿಕ್ ಹೊದಿಕೆಯ ಗುಡಿಸಿಲಿನಲ್ಲಿ ಮಳೆಗೆ ನೆನೆದು ಹೋದ ಒಂದು ಕಾರ್ಡಿಗೆ ಬೈಗುಳ. ಆ ಹೆಂಗಸು ಮುಂದಿನ ಗುರುವಾರ ಬರಲಿಲ್ಲ, ನಾನಾಗಿದ್ದರೂ ಬರುತ್ತಿರಲಿಲ್ಲ. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಿಂದ ಆದಿವಾಸಿ ಕುಟುಂಬಗಳನ್ನು ಒಕ್ಕಲೆಬ್ಬಿಸಿದಾಗ ಬೀದಿಗೆ ಬಿದ್ದವರಲ್ಲಿ ಲೈನ್‌ಮನೆ ಬಿಟ್ಟು ಬಂದವರು ಎಷ್ಟೋ ಮಂದಿ. ಸ್ವಂತದ್ದೊಂದು ವಿಳಾಸ ಬೇಕು ಎಂಬುದೇ ಅವರ ಜಗಳವಾಗಿತ್ತು. ಜಾಗದ ಜಗಳ ಎಂದಷ್ಟೇ ನಾವು ಓದಿಕೊಂಡೆವು. ವಿಳಾಸ ಇಲ್ಲದವರಿಗೆ ರೇಷನ್, ಶಾಲೆ, ಸೂಜಿ ಎಲ್ಲವೂ ಯಾರದೋ ದಯೆಯಾಗುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಮಗು

ಈ ದೇಶಕ್ಕೆ ಅಲೆಯುವ ಮಕ್ಕಳನ್ನು ಹುಡುಕುವುದು ಗೊತ್ತಿಲ್ಲ ಎಂದಲ್ಲ. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದಾಗಿನಿಂದ ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ, ಕುಟ್ಟದ ಗಡಿಯಲ್ಲಿ ಹನಿ ಹಾಕುವವರು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಎಡಗೈ ಕಿರುಬೆರಳಿಗೆ ಮಸಿ. ಭಾನುವಾರದ ನಂತರ ಮನೆಮನೆಗೆ ಬಂದು ಬಾಗಿಲ ಮೇಲೆ ಗುರುತು ಬರೆಯುತ್ತಿದ್ದರು, ಪೂರ್ತಿಯಾದರೆ 'ಪಿ', ಮತ್ತೆ ಬರಬೇಕಾದರೆ 'ಎಕ್ಸ್'. ಮಗು ಯಾವ ಊರಿನದು ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲಿ ಸಿಕ್ಕಿತೋ ಅಲ್ಲಿಯದು. 2011ರ ಜನವರಿ 13ರಂದು ಹೌರಾದಲ್ಲಿ ಕಂಡದ್ದೇ ವೈಲ್ಡ್ ಪೋಲಿಯೋ ವೈರಸ್ಸಿನ ದೇಶದ ಕೊನೆಯ ಪ್ರಕರಣ, 2014ರ ಮಾರ್ಚಿನಲ್ಲಿ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಸಿಡುಬಿನ ಕಥೆಯೂ ಬೇರೆಯಲ್ಲ: 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬು ರೋಗಿ ಸಿಕ್ಕಿದ್ದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ, ಬಾಂಗ್ಲಾದೇಶದಿಂದ ಬಂದು ಅಲ್ಲೇ ಬದುಕುತ್ತಿದ್ದ ಒಬ್ಬ ಹೆಂಗಸು. ವಿಳಾಸ ಹಿಡಿದು ಹುಡುಕಿದ್ದರೆ ಅವಳು ಸಿಗುತ್ತಿರಲಿಲ್ಲ.

ಆದರೆ ಪೋಲಿಯೋ ಯಶಸ್ಸಿನಿಂದ ಒಂದು ತೊಡಕೂ ಉಳಿದಿದೆ. ಲೈನಿನಲ್ಲಿ ಯಾರನ್ನೇ ಕೇಳಿ, "ಹಾಕಿಸಿದ್ದೇವೆ" ಎನ್ನುತ್ತಾರೆ. ಏನು ಎಂದರೆ "ಪೋಲಿಯೋ". ಎರಡು ಹನಿಗೆ ಎಲ್ಲ ಮುಗಿಯಿತು ಎಂಬ ನಂಬಿಕೆ. ಸೂಜಿಯ ಲಸಿಕೆಗಳಿಗೆ ಹನಿಯ ಸುಲಭ ಇಲ್ಲ. ಸಿಸ್ಟರ್ ಬೇಕು, ತಂಪು ಪೆಟ್ಟಿಗೆ ಬೇಕು, ಹಿಂದಿನ ಡೋಸ್ ಯಾವಾಗ ಎಂಬ ದಾಖಲೆ ಬೇಕು. 2014ರಲ್ಲಿ ಬಂದ ಕೇಂದ್ರ ಸರ್ಕಾರದ ಲಸಿಕೆ ಅಭಿಯಾನ ಮಿಷನ್ ಇಂದ್ರಧನುಷ್ ಇಟ್ಟಿಗೆ ಗೂಡು, ಕಟ್ಟಡದ ಕೆಲಸದ ಜಾಗ, ಅಲೆಮಾರಿಗಳ ಬಿಡಾರ ಅಂತ ಹುಡುಕಿಕೊಂಡು ಹೋಯಿತು, ಒಳ್ಳೆಯದೇ ಮಾಡಿತು. ಅಭಿಯಾನ ಮುಗಿದ ಮೇಲಿನ ಮಾಮೂಲಿ ಗುರುವಾರಗಳದ್ದೇ ಚಿಂತೆ. ಈಗ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯು-ವಿನ್ ಬಂದಿದೆ, ಯಾವ ರಾಜ್ಯದಲ್ಲಿ ಹಾಕಿಸಿದರೂ ದಾಖಲೆ ಕಾಣುತ್ತದೆ. ಫೋನ್ ನಂಬರ್ ಮೇಲೆ ನಿಂತ ವ್ಯವಸ್ಥೆ ಅದು. ನಂಬರ್ ಗಂಡನದ್ದು, ಸಿಮ್ ವರ್ಷಕ್ಕೊಮ್ಮೆ ಬದಲು, ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಇರಲಿ, ಇಲ್ಲದ್ದಕ್ಕಿಂತ ವಾಸಿ.

ಬೇಳೆ ಮತ್ತು ಅರ್ಧ ಚೀಲ

ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಆಮೇಲೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಜೊತೆಯವರು 2010ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟ ಹಳ್ಳಿಗಳಲ್ಲಿ ಪೂರ್ಣ ಲಸಿಕೆಯಾದ ಮಕ್ಕಳು ಶೇ. 6. ಹೇಳಿದ ದಿನ ತಪ್ಪದೆ ಶಿಬಿರ ನಡೆಸಿದ ಹಳ್ಳಿಗಳಲ್ಲಿ ಅದು ಶೇ. 18. ಅದೇ ಶಿಬಿರದಲ್ಲಿ ಪ್ರತಿ ಸಲ ಬಂದವರಿಗೆ ಒಂದು ಕೆ.ಜಿ. ಬೇಳೆ, ಎಲ್ಲ ಮುಗಿಸಿದರೆ ಊಟದ ತಟ್ಟೆಗಳು ಎಂದಾಗ ಶೇ. 39. ಬಡವರನ್ನು ಬೇಳೆಗೆ ಕೊಂಡುಕೊಂಡರು ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಬೇಳೆಯ ಬೆಲೆ ಒಂದು ದಿನದ ಕೂಲಿಗಿಂತ ಸ್ವಲ್ಪ ಕಡಿಮೆ. ಅಂದರೆ ಲಸಿಕೆಗೆಂದು ಕಳೆದುಕೊಂಡದ್ದನ್ನು ಹೆಚ್ಚುಕಡಿಮೆ ವಾಪಸು ಕೊಟ್ಟರು, ಅಷ್ಟೇ. ಇನ್ನೂ ಸ್ವಾರಸ್ಯವೆಂದರೆ ಬೇಳೆ ಕೊಟ್ಟ ಕಡೆ ಒಂದು ಮಗುವಿಗೆ ಬಿದ್ದ ಖರ್ಚು, ಬರೀ ಶಿಬಿರದ ಕಡೆಗಿಂತ ಅರ್ಧ. ಹೇಗೂ ನರ್ಸ್ ದಿನವಿಡೀ ಕೂತಿರುತ್ತಾರೆ. ಬರುವ ಮಕ್ಕಳು ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ.

ಹಾಗಾದರೆ ನಮ್ಮಲ್ಲಿ ಆ ಬೇಳೆ ಯಾರು ಕೊಡಬೇಕು? ದೊಡ್ಡ ಎಸ್ಟೇಟುಗಳಿಗೆ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯ ಕಾಲದಿಂದ ವೈದ್ಯಕೀಯ ಸೌಲಭ್ಯ, ಹೆಂಗಸರು ಹೆಚ್ಚಿದ್ದಲ್ಲಿ ಶಿಶುಪಾಲನಾ ಕೋಣೆ ಕಡ್ಡಾಯವಾಗಿತ್ತು. ಆದರೆ ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು, ನಮ್ಮಂಥವು. ನಾವು ಮಾಲೀಕರೂ ಹೌದು, ಕಾಯ್ದೆಯ ಕಣ್ಣಿಗೆ ಬಹುತೇಕ ಕಾಣದವರೂ ಹೌದು. ಆ ಮಟ್ಟಿಗೆ ನಮಗೂ ನಮ್ಮ ಲೈನಿನ ಮಕ್ಕಳಿಗೂ ಹೋಲಿಕೆ ಇದೆ, ಅದೃಷ್ಟ ಮಾತ್ರ ಬೇರೆ.

ಒಂದು ರಾತ್ರಿ ಚೆಕ್‌ರೋಲ್ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಹುಟ್ಟಿದ ದಿನದ್ದು ಬಿಟ್ಟರೆ ಒಂದೂವರೆ ವರ್ಷದೊಳಗೆ ಐದು ಸಲ ಹೋಗಬೇಕು. ಪ್ರತಿ ಸಲ ಜ್ವರದ ದಿನವನ್ನೂ ಸೇರಿಸಿದರೆ ಹೆಚ್ಚೆಂದರೆ ಹತ್ತು ದಿನ. ದಿನಕ್ಕೆ 500 ರೂಪಾಯಿ ಎಂದೇ ಇಟ್ಟುಕೊಳ್ಳಿ, 5,000. 2025ರ ಆರಂಭದಲ್ಲಿ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಐವತ್ತು ಕೆ.ಜಿ. ಚೀಲಕ್ಕೆ 10,000 ದಾಟಿದ್ದು ನಮಗೆಲ್ಲ ಗೊತ್ತು. ಒಂದು ಮಗುವಿನ ಪೂರ್ತಿ ಲಸಿಕೆ ಎಂದರೆ ಅರ್ಧ ಚೀಲ ಕಾಫಿ. ಒಂದು ತೋಟದಲ್ಲಿ ಒಂದು ವರ್ಷಕ್ಕೆ ಅಂಥ ಕೂಸುಗಳು ಎಷ್ಟಿರುತ್ತವೆ, ಒಂದು, ಎರಡು. ಆನೆ ಒಂದು ರಾತ್ರಿಯಲ್ಲಿ ಅದಕ್ಕಿಂತ ಹೆಚ್ಚು ಮುರಿದು ಹೋಗುತ್ತದೆ.

ಇದನ್ನು ಬಾವನಿಗೆ ಹೇಳಿದೆ. ಅವರ ತೋಟ ನಮ್ಮದಕ್ಕಿಂತ ದೊಡ್ಡದು, ವಾದವೂ ದೊಡ್ಡದು. "ನೀನು ದುಡ್ಡು ಕೊಟ್ಟು ಸೂಜಿ ಹಾಕಿಸ್ತೀಯ, ಅವರು ಮುಂದಿನ ವರ್ಷ ಚಿಕ್ಕಮಗಳೂರಿಗೆ ಹೋಗ್ತಾರೆ. ನಿಂಗೇನು ಬಂತು?" ಸರಿಯಾದ ಮಾತೇ. ಎಲ್ಲ ತೋಟದವರೂ ಹೀಗೇ ಯೋಚಿಸುವುದರಿಂದಲೇ ಯಾರ ಲೈನಿನ ಮಗುವೂ ಯಾರದ್ದೂ ಅಲ್ಲದೆ ಉಳಿಯುವುದು. ಚಿಕ್ಕಮಗಳೂರಿನಲ್ಲಿ ಯಾರೋ ಮೊದಲ ಮೂರು ಡೋಸ್ ಹಾಕಿಸಿ ಕಳಿಸಿದ ಮಗು ನಮ್ಮ ಲೈನಿಗೆ ಬರಬಹುದಲ್ಲ ಎಂದೆ. "ಬಂದರೆ ಹೇಳು" ಎಂದರು.

ಸದ್ಯಕ್ಕೆ ಆಗಿರುವುದು ಇಷ್ಟು. ಚೆಕ್‌ರೋಲ್‌ನ ಕೊನೆಯಲ್ಲಿ ಮಕ್ಕಳಿಗೊಂದು ಪುಟ ತೆಗೆದಿದ್ದೇನೆ: ಹೆಸರು, ಹುಟ್ಟಿದ ತಿಂಗಳು, ಮುಂದಿನ ಡೋಸ್. ತಿಂಗಳ ಮೊದಲ ವಾರ ಅದರ ಫೋಟೋ ಆಶಾ ಕಾರ್ಯಕರ್ತೆಗೆ ಹೋಗುತ್ತದೆ. ಸಿಸ್ಟರ್ ಕೊಯ್ಲಿನ ಗುರುವಾರಗಳಲ್ಲಿ ಮಧ್ಯಾಹ್ನ ಮೂರರವರೆಗೆ ಇರಲು ಒಪ್ಪಿದ್ದಾರೆ, ನಾವು ಆ ದಿನ ತೂಕವನ್ನು ಎರಡೂವರೆಗೆ ಒಂದು ಸಲ, ಸಂಜೆ ಒಂದು ಸಲ ಮಾಡಬೇಕು. ಮೇಸ್ತ್ರಿಗೆ ಇದು ಇಷ್ಟವಿಲ್ಲ, ಚೀಲ ಎರಡು ಸಲ ಹೊರಬೇಕಲ್ಲ ಎಂದು ಗೊಣಗುತ್ತಾನೆ. ಲಸಿಕೆಯ ದಿನದ ಅರ್ಧ ಕೂಲಿ ಕೊಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಜ್ವರದ ದಿನದ್ದು ಇನ್ನೂ ಆಗಿಲ್ಲ. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವವಳಿಗೆ ಬಾರದ ದಿನದ ಕೂಲಿಯನ್ನು ಯಾವ ಸರಾಸರಿಯ ಮೇಲೆ ಕೊಡುವುದು ಎಂಬಲ್ಲಿ ನಾನೂ ನನ್ನ ಗಂಡನೂ ನಿಂತಿದ್ದೇವೆ. ಹಿಂದಿನ ವಾರದ ಸರಾಸರಿ ಎನ್ನುವುದು ನನ್ನ ವಾದ, ದಿನಗೂಲಿಯ ದರ ಎನ್ನುವುದು ಅವರದ್ದು.